ಗುಡ್ಡೆಗೆ ಬೆಂಕಿ ಕೊಟ್ಟರೆ ಹುಲ್ಲು ಚಿಗುರುತ್ತದೆ, ಸರಿ, ಆಮೇಲೆ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕು. ಕೆಳಗೆ ಅಡಿಕೆ ತೋಟ, ಅದರ ಮೇಲೆ ಎರಡು ಎಕರೆ ಗೇರು, ಇನ್ನೂ ಮೇಲೆ ಕುಮ್ಕಿ ಗುಡ್ಡೆ (ಸೊಪ್ಪು, ಹುಲ್ಲಿಗೆ ನಾವು ಬಳಸುವ ಸರ್ಕಾರಿ ಜಾಗ), ಗುಡ್ಡೆಯ ಆಚೆ ಮೀಸಲು ಅರಣ್ಯ. ಗುಡ್ಡೆ ತುಂಬ ಮುಳಿಹುಲ್ಲು, ನಡುನಡುವೆ ಕಮ್ಯುನಿಸ್ಟ್ ಗಿಡ ಎಂಬ ಪೊದೆಕಳೆ. ನಮ್ಮ ಮಾವನವರು ಇದ್ದಾಗ ಫೆಬ್ರವರಿಯಲ್ಲಿ ಗುಡ್ಡೆಗೆ ಬೆಂಕಿ ಕೊಡುವ ಕ್ರಮ ಇತ್ತು. ನಾವು ಬಿಟ್ಟಿದ್ದೇವೆ, ಪಕ್ಕದವರು ಬಿಟ್ಟಿಲ್ಲ. ಕಳೆದ ವರ್ಷ ಅವರು ಸಂಜೆ ಹಾಕಿದ ಬೆಂಕಿ ರಾತ್ರಿ ನಮ್ಮ ಗೇರಿಗೆ ಇಳಿದು ಏಳೆಂಟು ಮರ ಸುಟ್ಟಿತು. ಕೇಳಿದರೆ, “ಬೆಂಕಿ ಬಿದ್ದರೆ ಹುಲ್ಲು ಚೆನ್ನಾಗಿ ಚಿಗುರುತ್ತದೆ, ಬೂದಿ ಮಣ್ಣಿಗೆ ಗೊಬ್ಬರ, ಉಣ್ಣಿ ಹಾವು ಎಲ್ಲ ಹೋಗುತ್ತವೆ” ಎನ್ನುತ್ತಾರೆ. ಕಾಲೇಜಿಗೆ ಹೋಗುವ ಮಗ, “ಆಸ್ಟ್ರೇಲಿಯಾ, ಅಮೆರಿಕದಲ್ಲಿ ಸರ್ಕಾರವೇ ಕಾಡಿಗೆ ಬೆಂಕಿ ಕೊಡುತ್ತದೆ, ಕಾಡಿಗೆ ಬೆಂಕಿ ಬೇಕಮ್ಮ” ಎಂದು ವಿಡಿಯೋ ತೋರಿಸುತ್ತಾನೆ. ಯಾರ ಮಾತು ಸರಿ? ಈ ಸಲ ಪಕ್ಕದವರಿಗಿಂತ ಮೊದಲು ನಾವೇ ಬೆಂಕಿ ಕೊಟ್ಟುಬಿಟ್ಟರೆ ಗೇರು ಉಳಿಯುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೆಂಕಿ ಕೊಡಬೇಡಿ. ನವೆಂಬರ್ ಕೊನೆಗೆ ಹುಲ್ಲು ಕೊಯ್ಯಿಸಿ, ಡಿಸೆಂಬರ್ ಮುಗಿಯುವುದರೊಳಗೆ ಗೇರಿನ ಮೇಲ್ಬದಿಗೆ ಮತ್ತು ಪಕ್ಕದವರ ಗಡಿಗೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ) ಮಾಡಿಸಿ. ಹೇಗೆಂದು ಮುಂದೆ ವಿವರವಾಗಿ ಬರೆದಿದ್ದೇನೆ. ನಿಮ್ಮ ಮಗ ಹೇಳುವುದು ಸುಳ್ಳಲ್ಲ, ಆದರೆ ಅದು ನಿಮ್ಮ ಗುಡ್ಡೆಯ ವಿಷಯವಲ್ಲ. ಪಕ್ಕದವರು ಹೇಳುವುದು ಅರ್ಧ ನಿಜ. ಆ ಅರ್ಧ ನಿಜದಿಂದಲೇ ಪ್ರತಿ ಬೇಸಿಗೆಯಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಗುಡ್ಡೆಗಳು ಕಪ್ಪಾಗುತ್ತವೆ.

ಮಗನ ಮಾತಿನಿಂದ ಶುರು ಮಾಡೋಣ. ಬೆಂಕಿಯ ಜೊತೆಗೇ ಬೆಳೆದ ಕಾಡುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಉತ್ತರ ಅಮೆರಿಕದ ಎಷ್ಟೋ ಲಾಡ್ಜ್‌ಪೋಲ್ ಪೈನ್ ಮರಗಳ ಕಾಯಿ ರಾಳದಿಂದ ಅಂಟಿಕೊಂಡಿರುತ್ತದೆ. ಬೆಂಕಿಯ ಕಾವಿಗೆ ರಾಳ ಕರಗಿದಾಗಲೇ ಬೀಜ ಉದುರುತ್ತದೆ. 1988ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುಮಾರು 36% ಭಾಗಕ್ಕೆ ಬೆಂಕಿ ಬಿತ್ತು. ಎಲ್ಲ ಮುಗಿಯಿತು ಎಂದು ಅಂದು ಪತ್ರಿಕೆಗಳು ಬರೆದವು. ಅದೇ ಜಾಗದಲ್ಲಿ ಮುಂದಿನ ವರ್ಷಗಳಲ್ಲಿ ಪೈನ್ ಸಸಿಗಳು ದಟ್ಟವಾಗಿ ಎದ್ದವು. ಆಸ್ಟ್ರೇಲಿಯಾದ ಬ್ಯಾಂಕ್ಸಿಯಾದ ಕಾಯಿ ಬಿರಿಯುವುದೂ ಹೀಗೆಯೇ. ಅಲ್ಲಿನ ನೀಲಗಿರಿ ಮರಗಳು ಸುಟ್ಟ ಕಾಂಡದ ತೊಗಟೆಯ ಅಡಿಯಿಂದಲೇ ಚಿಗುರುತ್ತವೆ. ದಕ್ಷಿಣ ಆಫ್ರಿಕಾದ ಫಿನ್‌ಬಾಸ್ ಪೊದೆಗಾಡಿನ ಎಷ್ಟೋ ಬೀಜಗಳಿಗೆ ಮೊಳೆಯಲು ಹೊಗೆ ಬೇಕು. ಹೊಗೆಯಲ್ಲಿ ಈ ಕೆಲಸ ಮಾಡುವ ಕ್ಯಾರಿಕಿನ್ ಎಂಬ ರಾಸಾಯನಿಕವನ್ನು 2004ರಲ್ಲಿ ಗುರುತಿಸಿದರು.

ಆದರೆ ಇವುಗಳಲ್ಲಿ ಯಾವ ಕಾಡೂ ‘ಬೆಂಕಿ ಎಷ್ಟು ಬಿದ್ದರೂ ಒಳ್ಳೆಯದು’ ಎನ್ನುವ ಕಾಡಲ್ಲ. ಪ್ರತಿಯೊಂದಕ್ಕೂ ಒಂದು ಅಂತರ ಇದೆ. ಆಫ್ರಿಕಾದ ಸವನ್ನಾ ಹುಲ್ಲುಗಾವಲಿಗೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಬೆಂಕಿ ಬಿದ್ದರೂ ನಡೆಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಡುವ ಸುಮಾರು 40 ಕೋಟಿ ಹೆಕ್ಟೇರಿನಲ್ಲಿ ಮೂರನೇ ಎರಡು ಪಾಲು ಆಫ್ರಿಕಾ ಖಂಡದ್ದೇ. ಫಿನ್‌ಬಾಸ್‌ಗೆ 10ರಿಂದ 20 ವರ್ಷದ ಅಂತರ ಬೇಕು. ಐದೇ ವರ್ಷಕ್ಕೆ ಮತ್ತೆ ಸುಟ್ಟರೆ ಗಿಡಗಳು ಬೀಜ ಕಟ್ಟುವ ಮೊದಲೇ ಸಾಯುತ್ತವೆ. ಯೆಲ್ಲೋಸ್ಟೋನ್ ಪೈನ್ ಕಾಡಿಗೆ ನೂರರಿಂದ ಮುನ್ನೂರು ವರ್ಷ. ನಿತ್ಯಹರಿದ್ವರ್ಣ ಮಳೆಕಾಡಿಗೆ ಬೆಂಕಿಯ ಸರದಿ ಎಂಬುದೇ ಇಲ್ಲ ಎನ್ನಬಹುದು. ಹಾಗಾಗಿ ‘ಬೆಂಕಿ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕಾಡು, ಯಾವ ತಿಂಗಳು, ಎಷ್ಟು ವರ್ಷಕ್ಕೊಮ್ಮೆ ಎಂದು ಕೇಳಬೇಕು.

ಅಂತರ ತಪ್ಪಿದರೆ ಬೆಂಕಿಗೆ ಹೆಸರಾದ ಮರವೂ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ ಮರದ ತೊಗಟೆ ಎರಡು ಅಡಿಯವರೆಗೂ ದಪ್ಪ ಇರುತ್ತದೆ. ಸಾವಿರ ವರ್ಷದಲ್ಲಿ ಎಷ್ಟೋ ಸಣ್ಣ ಬೆಂಕಿ ಕಂಡ ಮರ ಅದು. 1935ರಿಂದ ಅಮೆರಿಕದ ಅರಣ್ಯ ಸೇವೆ ‘ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕು’ ಎಂದು ನಿಯಮ ಮಾಡಿತು. ಸಣ್ಣ ಬೆಂಕಿಗಳು ನಿಂತವು, ಕಾಡಿನ ನೆಲದಲ್ಲಿ ಸೌದೆ, ತರಗೆಲೆ, ಎಳೆಮರಗಳು ತುಂಬಿಕೊಂಡವು. ಅದರ ಮೇಲೆ ಬರ, ಏರುತ್ತಿರುವ ಸೆಕೆ. 2020 ಮತ್ತು 2021ರ ಬೆಂಕಿಗಳಲ್ಲಿ ಜಗತ್ತಿನ ದೊಡ್ಡ ಸಿಕೋಯಾಗಳ 13ರಿಂದ 19% ಸತ್ತವು ಎಂಬ ಅಂದಾಜಿದೆ. ಮಗ ನೋಡಿದ ವಿಡಿಯೋದಲ್ಲಿ ಸರ್ಕಾರವೇ ಬೆಂಕಿ ಕೊಡುತ್ತಿರುವುದು ಈ ತುಂಬಿದ ಸೌದೆಯನ್ನು ಕಡಿಮೆ ಮಾಡಲು. ಅಲ್ಲಿ ಕೂಡ ಗಾಳಿ, ತೇವಾಂಶ ಅಳೆದು, ಸುತ್ತ ರೇಖೆ ಕಡಿದು, ನೀರಿನ ಗಾಡಿ ನಿಲ್ಲಿಸಿಕೊಂಡು ಮಾಡುತ್ತಾರೆ.

ನಮ್ಮ ಕಡೆ ಇದಕ್ಕೆ ಹತ್ತಿರದ ಉದಾಹರಣೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗುಬೆಂಕಿ. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು, ಲಂಟಾನ ಕಳೆ ಹಬ್ಬಿದ್ದು ಆ ನಂತರವೇ ಎಂಬುದು ಸೋಲಿಗರ ವಾದ. ಆ ವಾದದಲ್ಲಿ ಹುರುಳಿದೆ, ಸಂಶೋಧಕರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆದರೆ ಅದು ಎಲೆ ಉದುರುವ ಒಣಕಾಡು. ಅಲ್ಲಿನ ಮತ್ತಿ ಮರದ ಮೊಸಳೆಚರ್ಮದಂಥ ತೊಗಟೆಯನ್ನು ನೋಡಿದರೇ ಆ ಕಾಡಿಗೆ ಬೆಂಕಿಯ ಪರಿಚಯ ಇದೆ ಎಂದು ತಿಳಿಯುತ್ತದೆ.

ಈಗ ನಿಮ್ಮ ಗುಡ್ಡೆಯ ಆಚೆಗಿನ ಕಾಡಿಗೆ ಬನ್ನಿ. ಘಟ್ಟದ ಬುಡದ ಈ ಕಾಡಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಒಳಹೋದಂತೆ ಧೂಪ, ಸುರಹೊನ್ನೆ, ನಾಗಸಂಪಿಗೆಯಂಥ ಮರಗಳು ಸಿಗುತ್ತವೆ. ಇಂಥ ಮರಗಳ ತೊಗಟೆ ತೆಳು. ತೊಗಟೆಯ ಒಳಗಿನ ಜೀವಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದು ನಿಮಿಷ ಇದ್ದರೆ ಸಾಯುತ್ತದೆ. ತೊಗಟೆ ಎರಡು ಪಟ್ಟು ದಪ್ಪವಾದರೆ ಮರ ತಡೆಯುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅರ್ಧ ಸೆಂಟಿಮೀಟರ್ ತೊಗಟೆಯ ಮರಕ್ಕೂ ಎರಡು ಸೆಂಟಿಮೀಟರ್ ತೊಗಟೆಯ ಮರಕ್ಕೂ ಇರುವ ವ್ಯತ್ಯಾಸ ಬದುಕು ಸಾವಿನದ್ದು. ಮಳೆಕಾಡಿನೊಳಗೆ ಮೊಣಕಾಲೆತ್ತರದ ಜ್ವಾಲೆ ಮೆಲ್ಲಗೆ ಹೋದರೂ ಸಾಕು. ಮರ ಅಂದೇ ಬೀಳುವುದಿಲ್ಲ, ಒಂದೆರಡು ವರ್ಷದಲ್ಲಿ ಒಣಗುತ್ತದೆ. ಮೇಲಿನ ಚಪ್ಪರ ತೆರೆದು ಬಿಸಿಲು ನೆಲಕ್ಕೆ ಬೀಳುತ್ತದೆ, ಹುಲ್ಲು ಮತ್ತು ಕಮ್ಯುನಿಸ್ಟ್ ಗಿಡ ಒಳಗೆ ಬರುತ್ತವೆ, ಎರಡನೇ ಬೆಂಕಿಗೆ ಅವೇ ಸೌದೆ. ಅಮೆಜಾನ್‌ನಲ್ಲಿ ಕಾಡಿನ ಅಂಚು ಹೀಗೆಯೇ ಹಿಂದೆ ಸರಿಯುತ್ತಿದೆ. 2019–20ರಲ್ಲಿ ಆಸ್ಟ್ರೇಲಿಯಾದ ಗೊಂಡ್ವಾನಾ ಮಳೆಕಾಡುಗಳ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬೆಂಕಿ ತಗುಲಿದಾಗ ಅಲ್ಲಿನ ವಿಜ್ಞಾನಿಗಳು ಹೌಹಾರಿದ್ದು ಇದಕ್ಕೇ. ಬೆಂಕಿಗೆ ಒಗ್ಗಿದ ದೇಶದಲ್ಲೂ ಬೆಂಕಿಗೆ ಒಗ್ಗದ ಕಾಡು ಇದೆ.

ಕುದುರೆಮುಖದ ಹುಲ್ಲುಗಾವಲು ಸುಟ್ಟರೂ ಹಸಿರಾಗುತ್ತದಲ್ಲ ಎಂದು ನೀವು ಕೇಳಬಹುದು. ಆಗುತ್ತದೆ. ಅದು ಹಳೆಯ ಹುಲ್ಲುಗಾವಲು. ನೀಲಗಿರಿಯ ಜೌಗು ಮಣ್ಣಿನ ಅಧ್ಯಯನದಂತೆ ಘಟ್ಟದ ಇಂಥ ಹುಲ್ಲುಗಾವಲುಗಳಿಗೆ 20,000 ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ಕಾಡು ಕಡಿದು ಆದದ್ದಲ್ಲ. ಅದರ ಮಡಿಲಲ್ಲಿರುವ ಶೋಲಾ ಎಂಬ ನಿತ್ಯಹರಿದ್ವರ್ಣ ಕಾಡು ತನ್ನ ತೇವದಿಂದಾಗಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಆದರೆ ವರ್ಷ ವರ್ಷ ಬೆಂಕಿ ಬಂದರೆ ಅಂಚಿನ ಸಸಿಗಳು ಸತ್ತು ಶೋಲಾ ಕಿರಿದಾಗುತ್ತ ಹೋಗುತ್ತದೆ. ಅಲ್ಲಿ ಕೂಡ ಪ್ರಶ್ನೆ ಅಂತರದ್ದೇ.

‘ಬಿದಿರಿಗೆ ಬಿದಿರು ತಿಕ್ಕಿ ಕಾಡಿಗೆ ಬೆಂಕಿ ಬೀಳುತ್ತದೆ’ ಎನ್ನುವ ಮಾತನ್ನು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ನಮ್ಮ ಕಾಡಿನ ಬೆಂಕಿಗೆ ಅದನ್ನು ಕಾರಣ ಮಾಡಬೇಡಿ. ಕೆನಡಾದಲ್ಲಿ ಸಿಡಿಲಿನಿಂದ ದೊಡ್ಡ ಬೆಂಕಿಗಳಾಗುತ್ತವೆ, ನಿಜ. ನಮ್ಮಲ್ಲಿ ಸಿಡಿಲು ಬರುವುದು ಏಪ್ರಿಲ್-ಮೇ ತಿಂಗಳ ಮಳೆಯ ಜೊತೆಗೆ. ಗುಡ್ಡೆ ಹೊತ್ತುವುದು ಅದಕ್ಕೂ ಮೊದಲು, ಜನವರಿಯಿಂದ ಮಾರ್ಚ್ ಒಳಗೆ. ಬೀಡಿ ತುಂಡು, ರಸ್ತೆ ಬದಿಯ ಕಸಕ್ಕೆ ಇಟ್ಟ ಬೆಂಕಿ, ಜೇನು ತೆಗೆಯುವ ಪಂಜು, ಗೆಲ್ಲಿಗೆ ತಾಗಿ ಕಿಡಿ ಹಾರಿಸುವ ವಿದ್ಯುತ್ ತಂತಿ, ಮತ್ತೆ ಬೇಕೆಂದೇ ಕೊಟ್ಟ ಬೆಂಕಿ. ಪಟ್ಟಿ ಹೆಚ್ಚುಕಡಿಮೆ ಇಷ್ಟೇ.

ಇನ್ನು ಪಕ್ಕದವರ ಮೂರು ಮಾತು.

ಹುಲ್ಲು ಚಿಗುರುವುದು ನಿಜ. ಮುಳಿಹುಲ್ಲಿನ ಮೊಳಕೆ ನೆಲದ ಮಟ್ಟದಲ್ಲಿ, ಹಳೆಯ ಬುಡಗಳ ಒಳಗೆ ಅಡಗಿರುತ್ತದೆ. ಹುಲ್ಲಿನ ಬೆಂಕಿ ಆ ಜಾಗದಲ್ಲಿ ನಿಲ್ಲುವುದು ಕೆಲವು ಕ್ಷಣ ಮಾತ್ರ. ಮಣ್ಣಿನ ಎರಡು ಮೂರು ಸೆಂಟಿಮೀಟರ್ ಕೆಳಗೆ ಕಾವು ಹೆಚ್ಚು ಇಳಿಯುವುದಿಲ್ಲ. ಮೇಲಿನ ಒಣಹುಲ್ಲು ಹೋಗಿ ಬೆಳಕು ಬಿದ್ದ ಕೂಡಲೇ ಬೇರಿನಲ್ಲಿದ್ದ ಸಂಗ್ರಹದಿಂದ ಚಿಗುರು ಬರುತ್ತದೆ. ಇಲ್ಲಿ ಕೆಲಸ ಮಾಡಿದ್ದು ಬೆಳಕು. ಕತ್ತಿಯಿಂದ ಕೊಯ್ದರೂ ಅದೇ ಚಿಗುರು ಬರುತ್ತದೆ. ವರ್ಷವೂ ಸುಟ್ಟರೆ ಆಳ ಬೇರಿನ ಒರಟು ಹುಲ್ಲು ಮಾತ್ರ ಉಳಿದು, ದನ ಇಷ್ಟಪಟ್ಟು ತಿನ್ನುವ ಮೆತ್ತನೆಯ ಹುಲ್ಲು ಹಿಂದೆ ಬೀಳುತ್ತದೆ. ಕಮ್ಯುನಿಸ್ಟ್ ಗಿಡವನ್ನು ಸುಟ್ಟು ಮುಗಿಸಬಹುದು ಎಂಬ ಆಸೆಯೂ ಬೇಡ. ಒಣ ಕಾಂಡ ಧಗಧಗ ಉರಿದು ಹೋಗುತ್ತದೆ, ಬುಡ ಮೊದಲ ಮಳೆಗೆ ಮತ್ತೆ ಒಡೆಯುತ್ತದೆ. ಹತ್ತಿರ ಎಲ್ಲಾದರೂ ಅಕೇಶಿಯಾ ನೆಡುತೋಪು ಇದ್ದರೆ ಇನ್ನೊಂದು ತಲೆನೋವು: ಅದರ ಗಟ್ಟಿ ಬೀಜ ಕಾವು ತಾಗಿದ ಮೇಲೆ ಇನ್ನೂ ಚೆನ್ನಾಗಿ ಮೊಳೆಯುತ್ತದೆ.

ಬೂದಿ ಗೊಬ್ಬರ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಎಕರೆಗೆ ಎರಡು ಟನ್ ಒಣಹುಲ್ಲು, ಅದರಲ್ಲಿ ಅರ್ಧ ಶೇಕಡಾ ಸಾರಜನಕ ಎಂದಿಟ್ಟುಕೊಳ್ಳಿ. ಹತ್ತು ಕಿಲೋ ಸಾರಜನಕ ಆಯಿತು. ಸಾರಜನಕ ಸುಮಾರು 200 ಡಿಗ್ರಿಯಿಂದಲೇ ಅನಿಲವಾಗಿ ಹಾರತೊಡಗುತ್ತದೆ, ಹುಲ್ಲಿನ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ಅಂದರೆ ಹತ್ತು ಕಿಲೋದ ಬಹುಪಾಲು ಹೊಗೆಯ ಜೊತೆ ಹೋಯಿತು. ಯೂರಿಯಾದ ಲೆಕ್ಕದಲ್ಲಿ 22 ಕಿಲೋ, ಹೆಚ್ಚುಕಡಿಮೆ ಅರ್ಧ ಚೀಲ. ಬೂದಿಯಲ್ಲಿ ಉಳಿಯುವುದು ಪೊಟ್ಯಾಶ್, ಸುಣ್ಣ, ಮೆಗ್ನೀಷಿಯಂ, ಸ್ವಲ್ಪ ರಂಜಕ. ನಮ್ಮ ಹುಳಿ ಮಣ್ಣಿಗೆ ಅದು ಒಳ್ಳೆಯದೇ, ಅಲ್ಲೇ ಉಳಿದರೆ. ಇಳಿಜಾರಿನ ಮೇಲೆ ಹರಡಿದ ಬೂದಿ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ತೋಡು ಸೇರುತ್ತದೆ. ಜೊತೆಗೆ ಮಣ್ಣೂ. ತರಗೆಲೆ, ಹುಲ್ಲಿನ ಹೊದಿಕೆ ಇಲ್ಲದ ಮುರಕಲ್ಲಿನ ಗುಡ್ಡೆಗೆ ನಮ್ಮ ಮಳೆ ನೇರ ಹೊಡೆದರೆ ಮೇಲಿನ ತೆಳು ಮಣ್ಣು ಹೋಗಿ ಕೆಳಗಿನ ಗಟ್ಟಿ ಪದರ ಮೇಲೆ ಬರುತ್ತದೆ, ಅದರಲ್ಲಿ ನೀರು ಇಂಗುವುದಿಲ್ಲ. ಮಾರ್ಚ್ ತಿಂಗಳಿಗೇ ಬಾವಿಯ ನೀರು ಕೆಳಗೆ ಹೋಗುತ್ತಿದೆ ಎನ್ನುವವರು ಮೇಲಿನ ಗುಡ್ಡೆಯನ್ನೂ ಒಮ್ಮೆ ನೋಡಬೇಕು.

ಬೂದಿ ಬೇಕೇ ಬೇಕು ಎಂದಾದರೆ ನಮ್ಮಲ್ಲಿ ಸುಡುಮಣ್ಣು ಮಾಡುವ ಕ್ರಮ ಇದೆಯಲ್ಲ. ಗುಡ್ಡೆಯಿಂದ ದೂರ, ಮರಗಳ ನೆರಳಿಲ್ಲದ ಬಯಲಿನಲ್ಲಿ ನೆಲ ಕೆರೆದು, ತರಗೆಲೆ-ಕಸದ ಪದರದ ಮೇಲೆ ಮಣ್ಣಿನ ಪದರ ಹಾಕಿ, ಬೆಂಕಿ ಹೊಗೆಯಾಡುತ್ತ ಒಳಗೊಳಗೇ ಹೋಗುವಂತೆ ಮಾಡುವುದು. ಮಣ್ಣಿನಲ್ಲಿದ್ದ ಕಳೆಬೀಜ, ಜಂತುಹುಳು ಕಡಿಮೆಯಾಗುತ್ತವೆ, ಬೂದಿ ಮಣ್ಣಿನಲ್ಲೇ ಉಳಿಯುತ್ತದೆ. ತರಕಾರಿ ಸಾಲಿಗೆ, ಮಲ್ಲಿಗೆ ಬುಡಕ್ಕೆ ಒಳ್ಳೆಯದು. ಬೂದಿಯನ್ನು ಯೂರಿಯಾ ಅಥವಾ ಹಟ್ಟಿಗೊಬ್ಬರದ ಜೊತೆ ಬೆರೆಸಿಡಬೇಡಿ, ಕ್ಷಾರಕ್ಕೆ ಅಮೋನಿಯಾ ಹಾರಿ ಹೋಗುತ್ತದೆ.

ಉಣ್ಣಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಭಯ ಮಲೆನಾಡಿಗೆ ಮಾತ್ರ ಇರುವುದಲ್ಲ, ಉಡುಪಿ ಜಿಲ್ಲೆಯ ಘಟ್ಟದ ಬುಡಕ್ಕೂ ಇದೆ. ಬೆಂಕಿ ಹೋದ ಜಾಗದಲ್ಲಿ ತರಗೆಲೆಯ ಮೇಲಿದ್ದ ಉಣ್ಣಿಮರಿಗಳು ಸಾಯುತ್ತವೆ. ಆದರೆ ನೆಲದ ಬಿರುಕಿನಲ್ಲಿ, ಸುಡದೆ ಉಳಿದ ತೇವದ ಜಾಗದಲ್ಲಿ ಇರುವವು ಉಳಿಯುತ್ತವೆ, ಎಳೆಚಿಗುರಿಗೆ ಬರುವ ದನ, ಕಡವೆ ಹೊಸ ಉಣ್ಣಿ ಹೊತ್ತು ತರುತ್ತವೆ. ಗುಡ್ಡೆ ಸುಡುವುದಕ್ಕಿಂತ ಮನೆ ದಾರಿಯ ಎರಡೂ ಬದಿ ತರಗೆಲೆ ಗುಡಿಸುವುದು, ಗುಡ್ಡೆಗೆ ಹೋಗುವಾಗ ಕೈಕಾಲಿಗೆ ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಇವು ಕೆಲಸಕ್ಕೆ ಬರುತ್ತವೆ. ಹಾವು ಬಿಲಕ್ಕೋ ಹುತ್ತಕ್ಕೋ ಇಳಿದು ಬಚಾವಾಗುತ್ತದೆ, ಆಮೇಲೆ ತಂಪು ಹುಡುಕಿ ನಿಮ್ಮ ಸೌದೆ ಕೊಟ್ಟಿಗೆಗೆ ಬರುತ್ತದೆ. ಸಾಯುವುದು ಓಡಲಾಗದ ಆಮೆ, ಓತಿ ಮತ್ತು ನತ್ತಿಂಗದಂಥ ಹಕ್ಕಿಗಳು ನೆಲದ ಮೇಲಿಟ್ಟ ಮೊಟ್ಟೆಗಳು.

ನಿಮ್ಮ ಮಾವನವರ ಕಾಲದ ಬೆಂಕಿಯನ್ನು ಈಗಿನ ಬೆಂಕಿಯ ಜೊತೆ ಹೋಲಿಸುವುದೂ ಸರಿಯಲ್ಲ. ಆಗ ಮನೆಗೆ, ಹಟ್ಟಿಗೆ ಮುಳಿಹುಲ್ಲಿನ ಮಾಡು ಇತ್ತು. ಒಳ್ಳೆಯ ಹುಲ್ಲನ್ನು ಮೊದಲೇ ಕೊಯ್ದು ಸೂಡಿ ಕಟ್ಟುತ್ತಿದ್ದರು. ತರಗೆಲೆ ಹಟ್ಟಿಗೆ ಹೋಗುತ್ತಿತ್ತು, ಒಣಗೆಲ್ಲು ಒಲೆಗೆ, ಉಳಿದದ್ದನ್ನು ದನ ಮೇಯುತ್ತಿತ್ತು. ಫೆಬ್ರವರಿಯಲ್ಲಿ ಸುಡಲು ಉಳಿಯುತ್ತಿದ್ದುದೇ ಪಾದದೆತ್ತರದ ಕೂಳೆ. ಈಗ ಹಂಚು, ಆರ್‌ಸಿಸಿ, ಗ್ಯಾಸ್ ಒಲೆ, ಹಟ್ಟಿಯಲ್ಲಿ ಒಂದೋ ಎರಡೋ ದನ. ಹುಲ್ಲು ಎದೆಯೆತ್ತರ ನಿಂತು ಒಣಗುತ್ತದೆ. ಅದೇ ತಿಂಗಳು, ಅದೇ ಗುಡ್ಡೆ, ಅದೇ ಕಡ್ಡಿಪೆಟ್ಟಿಗೆ, ಆದರೆ ಬೆಂಕಿ ಬೇರೆ. ಅಮೆರಿಕದಲ್ಲಿ ಬೆಂಕಿ ನಿಲ್ಲಿಸಿದ್ದರಿಂದ ಸೌದೆ ತುಂಬಿತು, ನಮ್ಮಲ್ಲಿ ಕೊಯ್ಲು ನಿಲ್ಲಿಸಿದ್ದರಿಂದ. ಹವಾಯಿಯ ಲಹೈನಾ ಪಟ್ಟಣದ ಸುತ್ತ ಪಾಳು ಬಿದ್ದ ತೋಟಗಳಲ್ಲಿ ಹೊರಗಿನಿಂದ ಬಂದ ಹುಲ್ಲು ಹೀಗೆಯೇ ಬೆಳೆದು ನಿಂತಿತ್ತು. 2023ರ ಆಗಸ್ಟ್ ತಿಂಗಳ ಬಿರುಗಾಳಿಯ ದಿನ ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಬೆಳಿಗ್ಗೆ ಆರಿಸಿ ಬಿಟ್ಟುಬಂದ ಬೆಂಕಿಯೇ ಮಧ್ಯಾಹ್ನ ಮತ್ತೆ ಎದ್ದದ್ದು ಎಂದು ತನಿಖೆಯಲ್ಲಿ ತಿಳಿಯಿತು. ಇದು ಮುಂದೆ ಬೇಕಾಗುತ್ತದೆ, ನೆನಪಿಡಿ.

ಹೊಗೆಯ ಬಗ್ಗೆ ನೀವು ಕೇಳಿಲ್ಲ, ಎರಡೇ ಮಾತು. ಹುಲ್ಲು ಸುಟ್ಟಾಗ ಹೋದ ಇಂಗಾಲವನ್ನು ಮುಂದಿನ ಮಳೆಗಾಲದ ಹುಲ್ಲು ಬಹುಮಟ್ಟಿಗೆ ವಾಪಸು ಹೀರುತ್ತದೆ. ಮರ ಸುಟ್ಟರೆ ದಶಕಗಳು ಬೇಕು, 2015ರಲ್ಲಿ ಇಂಡೊನೇಷ್ಯಾದಲ್ಲಿ ಆದಂತೆ ಜೌಗಿನ ಮಣ್ಣೇ ಸುಟ್ಟರೆ ಸಾವಿರಾರು ವರ್ಷ. ಕೆನಡಾದಲ್ಲಿ 2023ರಲ್ಲಿ ಒಂದೇ ವರ್ಷ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು. ಆ ಹೊಗೆಯ ಜೊತೆ ನಿಮ್ಮ ಗುಡ್ಡೆಯ ಹೊಗೆಗೆ ಲೆಕ್ಕವಿಲ್ಲ, ಆದರೆ ಮನೆಯಲ್ಲಿ ಉಬ್ಬಸದವರಿದ್ದರೆ ಅವರಿಗೆ ತಾಗುವುದು ಗುಡ್ಡೆಯ ಹೊಗೆಯೇ.

ಈಗ ಕೆಲಸದ ಮಾತು.

ಕಳೆದ ವರ್ಷದ ಬೆಂಕಿ ರಾತ್ರಿ ಕೆಳಗೆ ಯಾಕೆ ಬಂತು ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಿ. ಬೆಂಕಿ ಸಾಮಾನ್ಯವಾಗಿ ಮೇಲಕ್ಕೆ ಓಡುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಏರಿದಂತೆ ವೇಗ ಸುಮಾರು ಇಮ್ಮಡಿ. ಹಗಲು ಹನ್ನೊಂದು ಹನ್ನೆರಡರ ನಂತರ ಕಡಲಗಾಳಿ ಪಡುವಣದಿಂದ ಬೀಸುತ್ತದೆ, ಆಗ ಹೊತ್ತಿಸಿದರೆ ಗಾಳಿ ಮತ್ತು ಏರು ಎರಡೂ ಸೇರಿ ಬೆಂಕಿಯನ್ನು ನೇರ ಮೀಸಲು ಅರಣ್ಯಕ್ಕೆ ಒಯ್ಯುತ್ತವೆ. ‘ನಾವೇ ಮೊದಲು ಕೊಟ್ಟುಬಿಡೋಣ’ ಎಂಬ ನಿಮ್ಮ ಯೋಚನೆಯ ಅಪಾಯ ಇದು. ಬೆಂಕಿ ಅರಣ್ಯದ ಗಡಿ ದಾಟಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಕೇಸು ನಿಮ್ಮ ಮೇಲೆ; ಅಭಯಾರಣ್ಯವೋ ರಾಷ್ಟ್ರೀಯ ಉದ್ಯಾನವೋ ಆಗಿದ್ದರೆ 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮೂ ಬರುತ್ತದೆ. ಕುಮ್ಕಿಯಲ್ಲಿ ಸೊಪ್ಪು, ಹುಲ್ಲು ತೆಗೆಯುವ ಸವಲತ್ತು ನಿಮ್ಮದು, ಜಾಗ ಸರ್ಕಾರದ್ದು. ಸಂಜೆ ತಂಪಿಗೆ ಹೊತ್ತಿಸುವವರ ಲೆಕ್ಕ ಬೇರೆ ರೀತಿಯಲ್ಲಿ ತಪ್ಪುತ್ತದೆ. ರಾತ್ರಿ ಗಾಳಿ ತಿರುಗಿ ಮೂಡಣದ ಒಣಗಾಳಿ ಘಟ್ಟದಿಂದ ಕೆಳಗಿಳಿಯುತ್ತದೆ, ಉರಿಯುವ ಸೆಗಣಿ, ಕೊಳ್ಳಿ ತುಂಡುಗಳು ಉರುಳಿ ಬರುತ್ತವೆ, ಗೇರಿನ ಅಡಿಯ ದಪ್ಪ ತರಗೆಲೆ ಅವಕ್ಕೆ ಕಾದಿರುತ್ತದೆ.

ಹಾಗಾಗಿ ಬೆಂಕಿ ರೇಖೆ ಗೇರಿನ ಮೇಲ್ಬದಿಗೂ ಪಕ್ಕದವರ ಗಡಿಗೂ ಬೇಕು. ಅಗಲ ಐದು ಮೀಟರ್, ಹುಲ್ಲು ಎದೆಯೆತ್ತರ ಇರುವಲ್ಲಿ ಆರು. ನವೆಂಬರ್ ಕೊನೆಗೆ, ಹುಲ್ಲಿನಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗ ಕೊಯ್ಯಿಸಿ. ಕೊಯ್ದದ್ದನ್ನು ಅಲ್ಲೇ ಬಿಡಬೇಡಿ. ಗೇರಿನ ಗುಂಡಿಗೆ, ಅಡಿಕೆ ಬುಡಕ್ಕೆ ಸಾಗಿಸಿ. ಆಮೇಲೆ ರೇಖೆಯ ನಡುವಿನ ಒಂದೂವರೆ ಮೀಟರ್ ಪಟ್ಟಿಯನ್ನು ಹಾರೆಯಿಂದ ಬರೀ ಮಣ್ಣು ಕಾಣುವವರೆಗೆ ಕೆರೆಸಿ. ಮೇಲ್ಬದಿಯ ರೇಖೆಯಲ್ಲಿ ಕೆರೆದ ಪಟ್ಟಿಯ ಕೆಳ ಅಂಚಿಗೆ ಒಂದಡಿ ಆಳದ ಸಣ್ಣ ಅಗಳು ತೋಡಿ, ಮಣ್ಣನ್ನು ಕೆಳಬದಿಗೆ ದಿಣ್ಣೆ ಹಾಕಿಸಿ. ಉರುಳಿ ಬಂದ ಕೊಳ್ಳಿ ಅದರಲ್ಲಿ ಬಿದ್ದು ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಅದೇ ಅಗಳು ನೀರಿಂಗಿಸುತ್ತದೆ. ಆದರೆ ಸಮಮಟ್ಟದಲ್ಲಿ ತೋಡದಿದ್ದರೆ ನೀರು ಒಂದೇ ಕಡೆ ಹರಿದು ಕೊರಕಲು ಬೀಳುತ್ತದೆ, ಹತ್ತು ಹತ್ತು ಮೀಟರಿಗೆ ಒಂದು ತಡೆ ಬಿಡಿ.

ಇಲ್ಲಿಗೆ ಮುಗಿಯಲಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಡಿಸೆಂಬರಿನಲ್ಲಿ ಮಾಡಿದ ರೇಖೆಯ ಮೇಲೆ ಜನವರಿ, ಫೆಬ್ರವರಿಯಲ್ಲಿ ಹೊಸ ತರಗೆಲೆ ಬೀಳುತ್ತದೆ. ಮಾರ್ಚಿಗೆ ಅದು ರೇಖೆಯಲ್ಲ, ಬೆಂಕಿಗೆ ಸೇತುವೆ. ಜನವರಿ ಮಧ್ಯಕ್ಕೆ ಒಮ್ಮೆ, ಫೆಬ್ರವರಿ ಕೊನೆಗೆ ಒಮ್ಮೆ ಗುಡಿಸಲೇಬೇಕು. ಅರಣ್ಯ ಇಲಾಖೆಯವರು ಬಳಸುವಂಥ ಎಲೆ ಊದುವ ಯಂತ್ರ ಬಾಡಿಗೆಗೆ ಸಿಕ್ಕಿದರೆ ಕೆಲಸ ಬೇಗ ಮುಗಿಯುತ್ತದೆ.

ಕಳೆ ಕೊಚ್ಚುವ ಯಂತ್ರ ಬಳಸುವುದಾದರೆ ಕಬ್ಬಿಣದ ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿಸುತ್ತದೆ. ನವೆಂಬರಿನಲ್ಲಿ ಪರವಾಗಿಲ್ಲ, ಫೆಬ್ರವರಿಯಲ್ಲಿ ಅದೇ ಬೆಂಕಿಗೆ ಕಾರಣ. ತಡವಾದರೆ ನೈಲಾನ್ ದಾರ ಹಾಕಿ, ಬೆಳಿಗ್ಗೆ ಇಬ್ಬನಿ ಆರುವ ಮೊದಲು ಮುಗಿಸಿ. ಬಿಸಿ ಸೈಲೆನ್ಸರ್ ಇರುವ ಯಂತ್ರವನ್ನು ಒಣಹುಲ್ಲಿನ ಮೇಲೆ ಇಡಬೇಡಿ, ಪೆಟ್ರೋಲ್ ತುಂಬಿಸುವುದು ಕೆರೆದ ಮಣ್ಣಿನ ಮೇಲೆ ಮಾತ್ರ.

ಗೇರಿನ ಒಳಗೆ ತರಗೆಲೆ ಪೂರಾ ತೆಗೆಯುವುದು ಬೇಡ, ಅದು ಮಣ್ಣಿಗೆ ಹೊದಿಕೆ. ಬುಡದ ಸುತ್ತ ಒಂದು ಮೀಟರ್ ತೆರವು ಮಾಡಿ. ನೆಲಕ್ಕೆ ತಾಗುವ ಗೆಲ್ಲು ಸವರಿ. ನೆಲದ ಬೆಂಕಿ ಮರದ ತಲೆಗೆ ಹತ್ತುವುದು ಆ ಗೆಲ್ಲುಗಳ ಮೂಲಕ. ತರಗೆಲೆಯನ್ನು ರಾಶಿ ಮಾಡಿಡಬೇಡಿ, ರಾಶಿ ಹೆಚ್ಚು ಹೊತ್ತು ಉರಿದು ಬೇರು ಸುಡುತ್ತದೆ. ಹೆಕ್ಕದೆ ಬಿಟ್ಟ ಗೇರುಬೀಜದ ಸಿಪ್ಪೆಯಲ್ಲಿ ಎಣ್ಣೆ ಇದೆ, ಅದರ ಹೊಗೆ ಕಣ್ಣು ಗಂಟಲಿಗೆ ಕೆಟ್ಟದು. ಖರ್ಚು ಮಾಡುವ ಮನಸ್ಸಿದ್ದರೆ ಗೇರಿನ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ಅನಾನಸು ಹಾಕಿ. ಅದು ಬೇಸಿಗೆಯಲ್ಲೂ ಹಸಿರು, ಬೆಂಕಿಯ ಓಟ ತಗ್ಗಿಸುತ್ತದೆ, ಮಣ್ಣು ಹಿಡಿಯುತ್ತದೆ, ಬೆಳೆಯೂ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯ ರೇಖೆ.

ಆದರೂ ಬೆಂಕಿ ಬಂತು ಎಂದಿಟ್ಟುಕೊಳ್ಳಿ. 112ಕ್ಕೂ ಅರಣ್ಯ ಸಹಾಯವಾಣಿ 1926ಕ್ಕೂ ಮೊದಲು ಫೋನ್ ಮಾಡಿ. ಜ್ವಾಲೆ ಸೊಂಟದ ಕೆಳಗಿದ್ದರೆ ಮಾತ್ರ ಹಸಿಸೊಪ್ಪಿನಿಂದ ಬಡಿದು ಆರಿಸಲು ನೋಡಿ. ಒಬ್ಬರೇ ಹೋಗಬೇಡಿ. ಹತ್ತಿಬಟ್ಟೆ ಹಾಕಿ, ಪಾಲಿಯೆಸ್ಟರ್, ನೈಲಾನ್ ಕರಗಿ ಮೈಗೆ ಅಂಟುತ್ತದೆ. ಬೆಂಕಿಯ ಎದುರಿಗೆ ನಿಲ್ಲದೆ, ಸುಟ್ಟು ಕಪ್ಪಾದ ಕಡೆಯಿಂದ ಶುರು ಮಾಡಿ ಬದಿಯಿಂದ ಮುಂದಕ್ಕೆ ಹೋಗಬೇಕು. ಸೊಪ್ಪನ್ನು ಎತ್ತೆತ್ತಿ ಹೊಡೆದರೆ ಕಿಡಿ ಹಾರುತ್ತದೆ. ಒತ್ತಿ ಒಳಕ್ಕೆ, ಕಪ್ಪಿನ ಕಡೆಗೆ ಎಳೆಯಬೇಕು. ಕೈಮೀರಿದರೆ ಗುಡ್ಡೆ ಹತ್ತಿ ಓಡಬೇಡಿ, ಬೆಂಕಿ ನಿಮಗಿಂತ ಬೇಗ ಹತ್ತುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತದ್ದು ಒಣಹುಲ್ಲಿನ ಕಡಿದಾದ ಇಳಿಜಾರಿನಲ್ಲಿ. ಬದಿಗೆ ಸರಿದು, ಸುಟ್ಟು ತಣಿದ ಜಾಗಕ್ಕೆ ಹೋಗುವುದು ಸುರಕ್ಷಿತ. ಎದುರು ಬೆಂಕಿ ಕೊಡುವ ಸಾಹಸ ಇಲಾಖೆಯ ಅನುಭವಿಗಳಿಗೆ ಬಿಡಿ.

ಆರಿದ ಮೇಲೆ ಮನೆಗೆ ಬಂದು ಮಲಗಬೇಡಿ. ಲಹೈನಾದ ಮಾತು ಇದಕ್ಕೇ ಹೇಳಿದ್ದು. ಮೋಟುಮರ, ಒಣ ಸೆಗಣಿ, ಸತ್ತ ಬೇರುಗಳ ಒಳಗೆ ಬೆಂಕಿ ಎರಡು ದಿನವೂ ಇರುತ್ತದೆ. ಔಷಧಿ ಹೊಡೆಯುವ ಬೆನ್ನಿನ ಪಂಪಿಗೆ ಬರೀ ನೀರು ತುಂಬಿ, ಅಂಚಿನಿಂದ ಹತ್ತು ಮೀಟರ್ ಒಳಗೆ ಹೊಗೆ ಕಂಡಲ್ಲೆಲ್ಲ ಕೆದಕಿ ನೀರು ಬಿಡಿ. ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ, ಕಾವು ತಾಗಿದರೆ ಮತ್ತೆ ಕೆದಕಿ. ಭಾರತೀಯ ಅರಣ್ಯ ಸಮೀಕ್ಷೆಯ ಉಪಗ್ರಹ ಎಚ್ಚರಿಕೆ ಮೊಬೈಲಿಗೆ ಬರುವಂತೆ ನೋಂದಾಯಿಸಬಹುದು, ಆದರೆ ಅದರ ಒಂದು ಚುಕ್ಕೆ ಎಂದರೆ ನೆಲದ ಮೇಲೆ 375 ಮೀಟರ್ ಅಥವಾ ಒಂದು ಕಿಲೋಮೀಟರ್ ಅಗಲದ ಚೌಕ. ಉಪಗ್ರಹ ದಿನಕ್ಕೆ ಕೆಲವೇ ಸಲ ಹಾಯುತ್ತದೆ. ಪಕ್ಕದ ಮನೆಯವರ ಫೋನು ಅದಕ್ಕಿಂತ ಬೇಗ ಬರುತ್ತದೆ.

ಪಕ್ಕದವರ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಚಿಗುರು ಹುಲ್ಲು. ನಿಮ್ಮ ಗಡಿಯ ರೇಖೆಗೆ ಯಂತ್ರ ತರಿಸುವ ದಿನ ಅವರ ಬದಿಯ ಐದು ಮೀಟರನ್ನೂ ನಿಮ್ಮ ಖರ್ಚಿನಲ್ಲೇ ಕೊಯ್ಯಿಸಿ, ಹುಲ್ಲು ಅವರ ಹಟ್ಟಿಗೇ ಹೋಗಲಿ. ಜನವರಿಯಲ್ಲಿ ಅದರಲ್ಲಿ ಬರುವ ಚಿಗುರನ್ನು ಅವರೇ ನೋಡುತ್ತಾರೆ.

ಕೊನೆಗೆ, ಕಳೆದ ವರ್ಷ ಸುಟ್ಟ ಆ ಏಳೆಂಟು ಮರಗಳು. ಕಡಿದಿಲ್ಲವಾದರೆ ಒಳ್ಳೆಯದಾಯಿತು. ಬುಡದ ತೊಗಟೆಯನ್ನು ಸುತ್ತ ನಾಲ್ಕೈದು ಕಡೆ ಚೂರಿಯಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ತೇವ, ಬಿಳಿ ಅಥವಾ ಹಸಿರು ಇದ್ದರೆ ಜೀವ ಇದೆ. ಕಂದು ಬಣ್ಣ, ಒಣಗಿದ್ದರೆ ಆ ಭಾಗ ಸತ್ತಿದೆ. ಸತ್ತ ಭಾಗ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಮರ ಸಾಮಾನ್ಯವಾಗಿ ಚೇತರಿಸುತ್ತದೆ. ಒಣಗೆಲ್ಲು ತೆಗೆದು ಗಾಯಕ್ಕೆ 10% ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣದ ಸರಿ) ಹಚ್ಚಿ. ಸುಟ್ಟ ತೊಗಟೆಯ ಬಿರುಕು ಕಾಂಡ ಮತ್ತು ಬೇರು ಕೊರೆಯುವ ಹುಳುವಿಗೆ ಬಾಗಿಲು: ಬುಡದಲ್ಲಿ ಮರದ ಹುಡಿ, ಅಂಟು ಕಂಡರೆ ತಡಮಾಡದೆ ಹುಳು ತೆಗೆಯಿರಿ, ಪುತ್ತೂರಿನ ಗೇರು ಸಂಶೋಧನಾ ಕೇಂದ್ರದವರಿಗೆ ಫೋಟೋ ಕಳಿಸಿ ಕೇಳಿ. ಸತ್ತೇ ಹೋದ ಮರವನ್ನು ಹುಳು ಸಮೇತ ತೋಟದಲ್ಲಿ ಇಟ್ಟುಕೊಳ್ಳಬೇಡಿ. ಸುಟ್ಟ ಗುಡ್ಡೆಗೆ ಈ ಮಳೆಗಾಲ ಅಕೇಶಿಯಾ ತಂದು ನೆಡುವುದೂ ಬೇಡ. ಕವಲು, ನೆಲ್ಲಿ, ಮತ್ತಿಯ ಬುಡಗಳು ತಾವಾಗಿ ಒಡೆದಿರುತ್ತವೆ. ಆಗಸ್ಟ್ ತಿಂಗಳಲ್ಲಿ ಪ್ರತಿ ಬುಡಕ್ಕೆ ಗಟ್ಟಿಯಾದ ಒಂದೆರಡು ಚಿಗುರು ಉಳಿಸಿ ಉಳಿದದ್ದನ್ನು ಸವರಿ, ಒಂದು ಮಳೆಗಾಲ ದನ ಹೋಗದಂತೆ ಮುಳ್ಳು ಅಡ್ಡ ಹಾಕಿ.